ಬೇಸಿಗೆ ರಜೆಗೊಂದು ಪತ್ತೇದಾರಿ ಧಾರಾವಾಹಿ ಕೊಡಿ

ಮಾನ್ಯ ಸಂಪಾದಕರೇ,

ಭಾನುವಾರದ ಮಕ್ಕಳ ಪುಟಗಳಲ್ಲಿ ಬರುವ ಪತ್ತೇದಾರಿ ಕತೆಗಳಲ್ಲಿ ಕಳ್ಳ ಎಷ್ಟೋ ಸಲ ಕೊನೆಯ ಪ್ಯಾರಾದಲ್ಲೇ ಮೊದಲು ಕಾಣಿಸಿಕೊಳ್ಳುತ್ತಾನೆ. ಇಲ್ಲವೇ ಪೊಲೀಸ್ ಮಾಮ ಬಂದು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಓದುವ ಮಗುವಿಗೆ ಅಲ್ಲಿ ಕೆಲಸವೇ ಇಲ್ಲ. ಸುಳಿವು ಬಿತ್ತಿ, ಅದು ಮರೆತುಹೋಗುವಂತೆ ಮಾಡಿ, ಮತ್ತೆ ಎತ್ತಲು ಒಂದು ಪುಟ ಸಾಲದು. ಏಪ್ರಿಲ್-ಮೇ ತಿಂಗಳ ಎಂಟು ಭಾನುವಾರ, ಕಂತಿಗೆ ಸಾವಿರ ಪದದಂತೆ ಒಂದು ಕಾದಂಬರಿಯನ್ನೇ ಪ್ರಕಟಿಸಿ ಎಂದು ಕೋರುತ್ತೇವೆ. ಸತ್ಯಜಿತ್ ರಾಯ್ ಅವರ ಪತ್ತೇದಾರ ಫೆಲೂದಾ 1965ರಲ್ಲಿ ಹುಟ್ಟಿದ್ದೂ ‘ಸಂದೇಶ್’ ಎಂಬ ಬಂಗಾಳಿ ಮಕ್ಕಳ ಪತ್ರಿಕೆಯಲ್ಲೇ.

ಒಳ್ಳೆಯ ಸುಳಿವು ಹೇಗಿರಬೇಕು ಎಂಬುದಕ್ಕೆ ಜರ್ಮನಿಯ ಎರಿಕ್ ಕೆಸ್ಟ್ನರ್ 1929ರಲ್ಲಿ ಬರೆದ, ಎಮಿಲ್ ಎಂಬ ಹುಡುಗನ ಪತ್ತೇದಾರಿ ಕಾದಂಬರಿ ನೋಡಬೇಕು. ರೈಲಿನಲ್ಲಿ ಒಂಟಿಯಾಗಿ ಹೊರಟ ಹುಡುಗ, ಅಮ್ಮ ಕೊಟ್ಟ ದುಡ್ಡು ಬಿದ್ದುಹೋದೀತೆಂದು ಅದನ್ನು ಕೋಟಿಗೆ ಗುಂಡುಪಿನ್ನಿನಿಂದ ಚುಚ್ಚಿಕೊಳ್ಳುತ್ತಾನೆ. ಆಗ ಅದು ಬರೀ ಅಂಜಿಕೆಯಂತೆ ಕಾಣುತ್ತದೆ. ರೈಲಿನಲ್ಲೇ ಆ ದುಡ್ಡು ಕಳುವಾಗುತ್ತದೆ. ಕಡೆಗೆ ಕಳ್ಳ ಸಿಕ್ಕಾಗ ನೋಟುಗಳು ಎಮಿಲ್‌ನವೇ ಎಂದು ಸಾಬೀತು ಮಾಡುವುದು ಪಿನ್ನಿನ ತೂತುಗಳೇ. ಓದುಗರಿಗೆ ಎಲ್ಲವೂ ಮೊದಲೇ ಗೊತ್ತಿತ್ತು, ಆದರೂ ಹೊಳೆದಿರಲಿಲ್ಲ.

ಶಂಕಿತರು ನಾಲ್ಕೈದು ಮಂದಿ ಸಾಕು. ಹೆಚ್ಚಾದರೆ ವಾರದಿಂದ ವಾರಕ್ಕೆ ಹೆಸರು ನೆನಪಿರುವುದಿಲ್ಲ. ತಪ್ಪಿತಸ್ಥರು ಎರಡನೆಯ ಕಂತಿನೊಳಗೆ ಬಂದು ಮಾತಾಡಿರಬೇಕು. ಸುಳಿವನ್ನು ಪ್ಯಾರಾದ ಕೊನೆಯ ವಾಕ್ಯದಲ್ಲಿ ಇಡಬಾರದು, ಅಲ್ಲಿಟ್ಟದ್ದು ಎದ್ದು ಕಾಣುತ್ತದೆ. ಮೇಜಿನ ಮೇಲಿನ ಆರು ಸಾಮಾನು ಹೇಳುವಾಗ ನಾಲ್ಕನೆಯದಾಗಿ ತೂರಿಸಿದರೆ ಅದು ಕಣ್ಣಿಗೆ ಬಿದ್ದೂ ಜಾರುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ, ಅನುವಾದಕರು ಎಡವುವುದೂ ಇಲ್ಲೇ. ನಮ್ಮ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. ‘ಯಾರೋ ಕಾಂಪೌಂಡ್ ಹಾರಿ ಓಡಿದ’ ಎಂದು ಬರೆದ ಕೂಡಲೇ ಹೆಂಗಸರೆಲ್ಲ ಶಂಕಿತರ ಪಟ್ಟಿಯಿಂದ ಹೊರಬಿದ್ದರು. ‘ಓಡಿದರು’ ಎಂದರೆ ಒಬ್ಬರೋ ಇಬ್ಬರೋ ತಿಳಿಯದು. ಆದ್ದರಿಂದ ಕಂಡದ್ದು, ಕೇಳಿದ್ದು ಅಷ್ಟನ್ನೇ ಹೇಳಬೇಕು: ನೆರಳು ಸರಿಯಿತು, ಚಪ್ಪಲಿ ಸದ್ದು ಹಿತ್ತಲ ಕಡೆ ಹೋಯಿತು. ಇದೇ ಭಾಷೆ ಸುಳಿವನ್ನೂ ಕೊಡಬಲ್ಲದು. ಮೈಸೂರು ಬಿಟ್ಟು ಎಲ್ಲೂ ಹೋಗಿಲ್ಲ ಎಂದವನ ಬಾಯಿಂದ ಗಾಬರಿಯಲ್ಲಿ ‘ಹೋಗ್ಯಾನ’ ಎಂಬ ನಮ್ಮ ಧಾರವಾಡ ಕಡೆಯ ಮಾತು ಜಾರಿದರೆ ಹತ್ತು ವರ್ಷದ ಮಗುವೂ ಕಿವಿ ನಿಮಿರಿಸುತ್ತದೆ. ಇಂಥ ಸುಳಿವು ಬೇರೆ ಭಾಷೆಯಿಂದ ತರಲು ಸಿಗುವುದಿಲ್ಲ.

ಹದಿಹರೆಯದವರಿಗೆ ಬರೆಯುವಾಗ ‘ಯಾರು’ ಎಂಬುದಕ್ಕಿಂತ ‘ಯಾಕೆ’ ಎಂಬುದು ಗಟ್ಟಿಯಾಗಿರಲಿ. ಕೊಲೆ, ಕಳ್ಳಸಾಗಣೆಯೇ ಆಗಬೇಕಿಲ್ಲ. ಕದ್ದ ಪ್ರಶ್ನೆಪತ್ರಿಕೆಯ ಹಿಂದಿನ ಭಯ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬೇಕಾದಾಗಲೆಲ್ಲ ಮೊಬೈಲಿನ ಚಾರ್ಜ್ ಖಾಲಿ ಮಾಡಿಸುವುದನ್ನು ಅವರು ನಂಬುವುದಿಲ್ಲ. ಬದಲಿಗೆ ಫೋಟೊ ತೆಗೆದ ಹೊತ್ತನ್ನೇ ಸುಳಿವಾಗಿಸಬಹುದು.

ಪತ್ರಿಕೆಯ ಕಡೆಯಿಂದಲೂ ಒಂದಿಷ್ಟು ಎಚ್ಚರ ಬೇಕು. ಎಂಟೂ ಕಂತು ಕೈಸೇರಿದ ಮೇಲೆಯೇ ಮೊದಲನೆಯದು ಅಚ್ಚಾಗಲಿ. ವಾರವಾರ ಬರೆದರೆ ಮೊದಲು ಬಿತ್ತಿದ್ದು ಕೊನೆಗೆ ಬೆಳೆಯುವುದಿಲ್ಲ. ಹಸ್ತಪ್ರತಿಯಲ್ಲಿ ಸುಳಿವಿನ ಸಾಲುಗಳಿಗೆ ಲೇಖಕರು ಗೆರೆ ಹಾಕಿ ಕೊಡಲಿ. ಜಾಹೀರಾತಿಗೆ ಜಾಗ ಮಾಡಲು ಉಪಸಂಪಾದಕರು ಕತ್ತರಿಸುವುದು ‘ಅನವಶ್ಯಕ’ ಎನಿಸುವ ಸಾಲುಗಳನ್ನೇ, ಸುಳಿವು ಅಡಗಿರುವುದೂ ಅಲ್ಲೇ. ಚಿತ್ರ ಬರೆಯುವವರಿಗೂ ಆ ಪ್ರತಿಯೇ ಹೋಗಲಿ. ಎಡಗೈಯಲ್ಲಿ ಬರೆಯುವವನ ಬಲಗೈಗೆ ಚಿತ್ರದಲ್ಲಿ ಪೆನ್ನು ಬಂದರೆ ಇಡೀ ಕಾದಂಬರಿ ಕುಸಿಯುತ್ತದೆ.

ಏಳನೆಯ ಭಾನುವಾರ ಕತೆ ಉತ್ತರದ ಹೊಸ್ತಿಲಲ್ಲಿ ನಿಲ್ಲಲಿ. ಯಾರು, ಯಾವ ಸುಳಿವಿನಿಂದ ಗೊತ್ತಾಯಿತು ಎಂದು ಮಕ್ಕಳು ಕಾರ್ಡಿನಲ್ಲಿ ಬರೆದು ಕಳಿಸಲು ಆ ಒಂದು ವಾರ ಅವರಿಗಿರಲಿ.

— ಮಕ್ಕಳ ಕಥೆಗಾರರು, ಧಾರವಾಡ