ಹಲ್ಲಿನ ಡಾಕ್ಟರಿಗೆ ಇನ್ನೊಬ್ಬ ಹಲ್ಲಿನ ಡಾಕ್ಟರ ಕಥೆ

ಪ್ರೀತಿಯ ಗಿರೀಶ,

ಗೋಲು ಹೊಡೆದಾಗಲೆಲ್ಲ ಲಾಗ ಹಾಕುವ ಮೆಕ್ಸಿಕೋದ ಆ ಫುಟ್‌ಬಾಲ್ ಆಟಗಾರನ ವಿಡಿಯೋ ಮೊನ್ನೆ ಕಳಿಸಿದ್ದೆನಲ್ಲ, ಅದನ್ನು ನೋಡಿ ನೀನು ಬರೆದದ್ದು ಒಂದೇ ಸಾಲು: "ಗೋಲಿಗಿಂತ ಇವನ ಲಾಗವೇ ಜಾಸ್ತಿ ಇದೆಯಲ್ಲ ಮಾರಾಯ." ನನಗೆ ಸ್ವಲ್ಪ ಉರಿಯಿತು. ಫೋನಿನಲ್ಲಿ ಜಗಳ ತೆಗೆದರೆ "ಪೇಶೆಂಟ್ ಬಂದರು" ಅಂತ ಇಟ್ಟುಬಿಡುತ್ತೀ, ಅದಕ್ಕೇ ಈ ಪತ್ರ. ಅಲ್ಲದೆ ಈ ಆಸಾಮಿಯ ವಿಷಯ ಬೇರೆ ಯಾರಿಗೆ ಗೊತ್ತಿರದಿದ್ದರೂ ನಿನಗೆ ಗೊತ್ತಿರಬೇಕು. ಅವನೂ ಹಲ್ಲಿನ ಡಾಕ್ಟರಿಕೆ ಓದಿದವನೇ.

ತಮಾಷೆಯಲ್ಲ. ಊಗೊ ಸಾಂಚೆಸ್ (ಹ್ಯೂಗೋ ಅನ್ನಬೇಡ, ಸ್ಪ್ಯಾನಿಷ್‌ನವರು ಆ ಹಕಾರವನ್ನು ನುಂಗಿಬಿಡುತ್ತಾರೆ) ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ದಂತವೈದ್ಯಕೀಯ ಓದುತ್ತಲೇ ಅದೇ ವಿಶ್ವವಿದ್ಯಾಲಯದ ಕ್ಲಬ್ಬಾದ ಪೂಮಾಸ್‌ಗೆ ಆಡಿದವನು. 1976ರಲ್ಲಿ ಸೇರಿದಾಗ ಹದಿನೆಂಟರ ಹುಡುಗ. ಆ ಸೀಸನ್ನಿನಲ್ಲೇ ಪೂಮಾಸ್ ಮೊಟ್ಟಮೊದಲ ಸಲ ಲೀಗ್ ಗೆದ್ದಿತು. 1978–79ರಲ್ಲಿ ಇವನದು 26 ಗೋಲು. ನೀನು ಹಂಗಿಸಿದೆಯಲ್ಲ ಆ ಲಾಗ, ಅದನ್ನು ಕಲಿಸಿದ್ದು ಅಕ್ಕ ಎರ್ಲಿಂಡಾ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋಗಿದ್ದ ಜಿಮ್ನಾಸ್ಟ್ ಆಕೆ. ಹಾಗಾಗಿ ಅದು ಶೋಕಿಯಲ್ಲ, ಮನೆಯ ವಿದ್ಯೆ.

1981ರಲ್ಲಿ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದ. ಮೊದಲ ವರ್ಷ ಲೀಗ್‌ನಲ್ಲಿ ಬರೀ 8 ಗೋಲು. ಗ್ಯಾಲರಿಯಿಂದ "ಇಂಡಿಯೋ" ಅಂತ ಕೂಗುತ್ತಿದ್ದರಂತೆ. ನಮ್ಮ ಕಿವಿಗೆ ಅದು ಬೈಗುಳ ಅನ್ನಿಸಲಿಕ್ಕಿಲ್ಲ. ಅಲ್ಲಿ ಅದು ಅಮೆರಿಕದ ಮೂಲನಿವಾಸಿಗಳನ್ನು ಹೀಗಳೆಯುವ ಮಾತು. ಅವನು ಜಾಗ ಬಿಟ್ಟು ಕದಲಲಿಲ್ಲ. 1984–85ರಲ್ಲಿ 19 ಗೋಲು ಹೊಡೆದು ಲೀಗ್‌ನಲ್ಲೇ ಅತಿ ಹೆಚ್ಚು ಗೋಲಿಗೆ ಕೊಡುವ ಪಿಚಿಚಿ ಪ್ರಶಸ್ತಿ ತಗೊಂಡ. ಸ್ಪೇನಿನ ನಾಕೌಟ್ ಕಪ್ಪಾದ ಕೋಪಾ ದೆಲ್ ರೇ ಫೈನಲ್ಲಿನಲ್ಲಿ ಅಥ್ಲೆಟಿಕ್ ಬಿಲ್ಬಾವೊವನ್ನು 2–1ರಲ್ಲಿ ಸೋಲಿಸಿದಾಗ ಎರಡೂ ಇವನವೇ. ಮರುಕ್ಷಣ ಅದೇ ಊರಿನ ಬದ್ಧವೈರಿ ರಿಯಲ್ ಮ್ಯಾಡ್ರಿಡ್‌ಗೆ ಸಾಗಿದ. ನೇರವಾಗಿ ಮಾರಿದರೆ ಅಭಿಮಾನಿಗಳು ರೊಚ್ಚಿಗೇಳುತ್ತಾರೆಂದು ಮೊದಲು ಪೂಮಾಸ್‌ಗೆ ಮಾರಿದ ಹಾಗೆ ಮಾಡಿ, ಅಲ್ಲಿಂದ ರಿಯಲ್‌ಗೆ ದಾಟಿಸಿದರು! ನಮ್ಮಲ್ಲಿ ಜಮೀನು ಅಣ್ಣನ ಹೆಸರಿಗೆ ಮಾಡಿಸಿ ಆಮೇಲೆ ಮಾರುತ್ತಾರಲ್ಲ, ಆ ಥರ.

ರಿಯಲ್‌ನಲ್ಲಿ ಸತತ ಐದು ಲೀಗ್, ಯುರೋಪಿನ ಕ್ಲಬ್ಬುಗಳ ಎರಡನೇ ಸಾಲಿನ ಟೂರ್ನಿಯಾದ ಯುಇಎಫ್ಎ ಕಪ್ 1986ರಲ್ಲಿ. ಲೀಗ್ ಗೋಲುಗಳು ಮೊದಲ ವರ್ಷ 22, ಆಮೇಲೆ 34, ಆಮೇಲೆ 29. ಅಟ್ಲೆಟಿಕೊದ್ದೂ ಸೇರಿ ಸಾಲಾಗಿ ನಾಲ್ಕು ಪಿಚಿಚಿ. ಆದರೆ ನಾನು ನಿನ್ನ ಹತ್ತಿರ ವಾದ ಮಾಡಬೇಕಿರುವುದು 1989–90ರ ಬಗ್ಗೆ. ಆ ಸೀಸನ್ನಿನಲ್ಲಿ 38 ಗೋಲು; ತೆಲ್ಮೊ ಸಾರಾ 1950–51ರಲ್ಲಿ ಮಾಡಿದ್ದ ದಾಖಲೆಗೆ ಸಮ. ಅಷ್ಟೂ ಗೋಲು ಒಂದೇ ಸ್ಪರ್ಶದವು. ಚೆಂಡು ಬಂತು, ಒಂದು ಸಲ ತಾಗಿತು, ಬಲೆಯೊಳಗೆ. ತಡೆದು, ಉರುಳಿಸಿ, ಗುರಿ ನೋಡಿ ಹೊಡೆದದ್ದು ಒಂದೂ ಇಲ್ಲ. ಪೆನಾಲ್ಟಿ, ಫ್ರೀ ಕಿಕ್ ಹೇಗೂ ಒಂದೇ ಒದೆತ ಅನ್ನುತ್ತೀ, ಗೊತ್ತು. ಅವನ್ನು ಕಳೆದು ಉಳಿದವನ್ನು ನೋಡು. ಚೆಂಡು ಇನ್ನೂ ಮೈದಾನದ ಅಂಚಿನ ಆಟಗಾರನ ಕಾಲಲ್ಲಿರುವಾಗಲೇ ಇವನು ಡಿಫೆಂಡರನ ಬೆನ್ನ ಹಿಂದೆ ಸರಿದು, ಅವನ ಕಣ್ಣು ತಪ್ಪಿಸಿ, ಎರಡು ಹೆಜ್ಜೆ ಮುಂದೆ ಬಂದಿರುತ್ತಾನೆ. ಕೆಲಸವೆಲ್ಲ ಮುಟ್ಟುವ ಮೊದಲೇ ಮುಗಿದಿರುತ್ತದೆ.

ನೀನು ಹಲ್ಲು ಕೀಳುವುದೂ ಹಾಗೇ ಅಲ್ಲವೇನೋ? ಕನ್ನಡಿ ಹಿಡಿದು ನೋಡುತ್ತೀ, ಸೂಜಿ ಚುಚ್ಚುತ್ತೀ, ಏನೋ ಅಲ್ಲಾಡಿಸುತ್ತೀ, "ಅಡಿಕೆ ರೇಟು ಎಷ್ಟಾಯ್ತು" ಅಂತ ಕೇಳುತ್ತೀ. ಉತ್ತರ ಕೊಡುವಷ್ಟರಲ್ಲಿ ಹಲ್ಲು ಟ್ರೇಯಲ್ಲಿ. ಹೊರಗಿನಿಂದ ನೋಡಿದವನಿಗೆ ಕಾಣುವುದು ಆ ಕೊನೆಯ ಎಳೆತ ಮಾತ್ರ.

ಲಾಗ ಬಿಟ್ಟು ಬೇರೆಯದು ನೋಡಬೇಕಿದ್ದರೆ 1988ರ ಏಪ್ರಿಲ್ 10, ಲೊಗ್ರೊನ್ಯೆಸ್ ವಿರುದ್ಧದ ಗೋಲು ಹುಡುಕು. ಎಡಗಡೆಯ ಅಂಚಿನಿಂದ ಜೊತೆಗಾರ ಮಾರ್ಟಿನ್ ವಾಸ್ಕೆಸ್ ಗೋಲಿನ ಮುಂದಕ್ಕೆ ಚೆಂಡು ತೂರಿದ. ಇವನು ಗೋಲಿಗೆ ಬೆನ್ನು ಹಾಕಿ ಗಾಳಿಯಲ್ಲಿ ಅಂಗಾತವಾಗಿ ಒದ್ದ. ರಿಯಲ್‌ನ ಬರ್ನಬೇವು ಕ್ರೀಡಾಂಗಣ ಪೂರ್ತಿ ಬಿಳಿ ಕರವಸ್ತ್ರ ಬೀಸಿ ಮೆಚ್ಚಿತು. ಅದೂ ಒಂದೇ ಸ್ಪರ್ಶ, ಗಮನಿಸು.

ಕೊರತೆ ಇಲ್ಲವೆಂದಲ್ಲ. ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ ಕೈಗೆ ಬರಲೇ ಇಲ್ಲ. 1987ರಿಂದ ಮೂರು ವರ್ಷ ಸೆಮಿಫೈನಲ್‌ನಲ್ಲೇ ಸೋಲು, ಬಯರ್ನ್, ಪಿಎಸ್‌ವಿ, ಕೊನೆಗೆ ಮಿಲಾನ್ ಕೈಲಿ 5–0. ಅದನ್ನು ಎತ್ತಿ ನೀನು ಹೊಡೆದರೆ ನನ್ನ ಹತ್ತಿರ ಉತ್ತರವಿಲ್ಲ.

1992ರ ನಂತರದ್ದು ಅಲೆದಾಟ: ಮೆಕ್ಸಿಕೋದ ಅಮೆರಿಕಾ, ಅಟ್ಲಾಂಟೆ ಎಂಬ ಕ್ಲಬ್ಬುಗಳು, ಆಸ್ಟ್ರಿಯಾದ ಲಿಂಜ್, ಅಮೆರಿಕ ದೇಶದ ಡಲ್ಲಾಸ್. ನಡುವೆ ಒಂದು ವರ್ಷ ಮಾತ್ರ ನನಗೆ ಇಷ್ಟ. 1993–94ರಲ್ಲಿ ಮ್ಯಾಡ್ರಿಡ್‌ನ ಬಡ ಬಡಾವಣೆಯ ಕ್ಲಬ್ ರಾಯೊ ವಾಯೆಕಾನೊಗೆ ಆಡಿ, ಮೂವತ್ತೈದನೇ ವಯಸ್ಸಿನಲ್ಲಿ 16 ಗೋಲು ಹೊಡೆದ. ರಾಯೊ ಆ ವರ್ಷ ಕೆಳದರ್ಜೆಗೆ ಇಳಿದೇ ಹೋಯಿತು, ಆ ಮಾತು ಬೇರೆ. ಸ್ಪೇನಿನ ಲೀಗ್ ಲೆಕ್ಕ ಅಲ್ಲಿಗೆ 234ಕ್ಕೆ ನಿಂತಿತು. ಕೊನೆಯದು 1997ರಲ್ಲಿ ಮೆಕ್ಸಿಕೋದ ಸೆಲಾಯ. ರಿಯಲ್‌ನ ಹಳೇ ಜೊತೆಗಾರರಾದ ಬುತ್ರಗೇನ್ಯೊ, ಮಿಚೆಲ್ ಇವನಿಗಿಂತ ಮೊದಲೇ ಆ ಕ್ಲಬ್ಬಿಗೆ ಬಂದಿದ್ದರು.

ಶನಿವಾರ ಕ್ಲಿನಿಕ್ಕಿಗೆ ಬರುತ್ತೇನೆ. ಎಡಗಡೆಯ ದವಡೆ ಹಲ್ಲು ಎರಡು ವಾರದಿಂದ ಜೀವ ತಿನ್ನುತ್ತಿದೆ. ಅಡಿಕೆ ರೇಟು ಮಾತ್ರ ಕೇಳಬೇಡ, ನನಗೆ ಈಗ ಗುಟ್ಟು ಗೊತ್ತು.

ನಿನ್ನ,
ರಾಘು