ಶೀತಲ ಸಮರ ನಮಗ್ಯಾಕೆ ಅಂದ ಸಾಹೇಬರಿಗೆ

ಮಾನ್ಯರೇ,

ಶನಿವಾರ ಪುರಭವನದಲ್ಲಿ ನಡೆದ ಸ್ಪರ್ಧಾತ್ಮಕ ಪರೀಕ್ಷೆ ತರಬೇತಿ ಶಿಬಿರದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಶೀತಲ ಸಮರದಲ್ಲಿ ಒಂದು ಗುಂಡೂ ಹಾರಲಿಲ್ಲ, ಅದು ಅಮೆರಿಕ-ರಷ್ಯಾದವರ ಜಗಳ, ನಮಗೇನು ಸಂಬಂಧ’ ಎಂಬ ಅಧಿಕಾರಿ ಸಾಹೇಬರ ಮಾತಿಗೆ ಮೂರು ಕಾಲಂ ಕೊಟ್ಟಿದ್ದೀರಿ. ಪೇಟ ಹಾಕಿಸಿಕೊಂಡ ಫೋಟೋ ಬೇರೆ. ಆ ಮಾತು ಬಂದಾಗ ನಾನೂ ಅಲ್ಲೇ ಇದ್ದೆ. ಹಿಂದಿನ ಸಾಲಿನಲ್ಲಿ, ಕಾಲು ಅಲ್ಲಾಡುವ ಕುರ್ಚಿಯಲ್ಲಿ.

ಅಲ್ಲಿಗೆ ತಲುಪಿದ್ದೇ ದೊಡ್ಡ ಸಾಹಸ. ಯುಜಿಡಿ (ಒಳಚರಂಡಿ) ಪೈಪಿಗೆಂದು ಅಗೆದ ರಸ್ತೆ ಇನ್ನೂ ಹಾಗೇ ಬಾಯಿ ತೆರೆದುಕೊಂಡಿದೆ, ನಿಮಗೂ ಗೊತ್ತು. ಆಟೋದವನು ಸರ್ಕಲ್‌ನಲ್ಲೇ ಇಳಿಸಿದ. ಮಂಡಿ ನೋವು ಇಟ್ಟುಕೊಂಡು, ಮೊಮ್ಮಗಳ ಕೈ ಹಿಡಿದು ಕೆಸರಲ್ಲಿ ನಡೆದೆ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಸಾಹೇಬರು ಬಂದದ್ದು ಹನ್ನೆರಡೂವರೆಗೆ. ಅಲ್ಲಿಯವರೆಗೆ ಕರೆಂಟ್ ಇಲ್ಲ. ಜನರೇಟರ್ ಇದೆ, ಡೀಸೆಲ್ ಇಲ್ಲ. ಸಾಹೇಬರು ಬಂದ ಕೂಡಲೇ ಕರೆಂಟೂ ಬಂತು, ಅದೇನು ಮಾಯವೋ! ಕುಡಿಯುವ ನೀರು ಮಾತ್ರ ವೇದಿಕೆ ಬಿಟ್ಟು ಕೆಳಗೆ ಇಳಿಯಲಿಲ್ಲ. ಆಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ. ಪಾಠ ಮಾಡಲು ಬಂದಿದ್ದ ಉಪನ್ಯಾಸಕರಿಗೆ ಉಳಿದದ್ದು ಹತ್ತು ನಿಮಿಷ. ಅವರು ಕೊರಿಯಾ ಅನ್ನುವಷ್ಟರಲ್ಲಿ ಸಾಹೇಬರು ಮೈಕ್ ಇಸಿದುಕೊಂಡು ಈ ಆಣಿಮುತ್ತು ಉದುರಿಸಿದರು.

ಗುಂಡು ಹಾರಲಿಲ್ಲವಂತೆ. 1950ರಿಂದ 1953ರವರೆಗೆ ಕೊರಿಯಾದಲ್ಲಿ ಹಾರಿದ್ದು ಏನು, ದೀಪಾವಳಿ ಪಟಾಕಿಯೇ? ಒಂದು ಕಡೆ ಅಮೆರಿಕದ ಮುಂದಾಳತ್ವದ ವಿಶ್ವಸಂಸ್ಥೆ ಪಡೆ. ಇನ್ನೊಂದು ಕಡೆ ಉತ್ತರ ಕೊರಿಯಾ, ಚೀನಾ, ಅವರ ಬೆನ್ನಿಗೆ ಸೋವಿಯತ್ ಒಕ್ಕೂಟ. ಲಕ್ಷಗಟ್ಟಲೆ ಜನ ಸತ್ತರು. ಊರಿಗೆ ವಾಪಸ್ ಹೋಗಲ್ಲ ಅನ್ನುವ ಯುದ್ಧ ಕೈದಿಗಳನ್ನು ಏನು ಮಾಡುವುದು ಎಂಬ ಒಂದೇ ಪ್ರಶ್ನೆಗೆ ಕದನ ವಿರಾಮದ ಮಾತುಕತೆ ವರ್ಷಕ್ಕೂ ಜಾಸ್ತಿ ಸಿಕ್ಕಿಕೊಂಡಿತ್ತು. ಆ ಕೈದಿಗಳನ್ನು ಕಾಯುವ ಕೆಲಸ ಕೊನೆಗೆ ಬಂದದ್ದು ಯಾರ ಪಾಲಿಗೆ? ಭಾರತದ ಪಾಲಿಗೆ. ಅದಕ್ಕೆಂದೇ ಮಾಡಿದ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರು ಯಾರು ಸ್ವಾಮಿ? ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ! ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ಎಳೆದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಇವರು. ಬೈಗುಳ ಎರಡೂ ಕಡೆಯಿಂದ.

ಭಾರತದ ಸೈನಿಕರು ನಮ್ಮ ನೆಲಕ್ಕೆ ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಡಗಿನಿಂದಲೇ ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾಯಿತು. (ಪುರಭವನಕ್ಕೆ ಹೋಗಲು ನಮಗೂ ಇನ್ನು ಅದೇ ಗತಿ.) ಕೈದಿಗಳು ನಮ್ಮ ಒಬ್ಬ ಮೇಜರ್‌ನನ್ನು ಬೇಲಿಯೊಳಗೆ ಹಿಡಿದಿಟ್ಟುಕೊಂಡಾಗ ನಮ್ಮ ಕಾವಲು ಪಡೆಯ ಮುಖ್ಯಸ್ಥ ಜನರಲ್ ಥೋರಾತ್ ತಾವೇ ಒಳಗೆ ಹೋಗಿ ಬಿಡಿಸಿಕೊಂಡು ಬಂದರು. ನಮ್ಮ ಸಾಹೇಬರು ಕೆಸರು ಕಂಡರೆ ಕಾರಿನ ಗಾಜೂ ಇಳಿಸಲ್ಲ. ಆ ಕಡೆಯೂ ಬೇಡ, ಈ ಕಡೆಯೂ ಬೇಡ ಎಂದ 88 ಮಂದಿಯನ್ನು 1954ರಲ್ಲಿ ಭಾರತಕ್ಕೇ ಕರೆತಂದರು. ನಮಗೆ ಸಂಬಂಧವಿಲ್ಲ, ಅಲ್ವಾ?

22 ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಅವರವರ ದೇಶದವರು ಊರಿಗೆ ಬನ್ನಿ ಎಂದು ತಿಳಿಹೇಳಲು ಇದ್ದ ಗಡುವು 90 ದಿನ. ಇನ್ನಷ್ಟು ದಿನ ಬೇಕೆಂದು ಒಂದು ಕಡೆಯವರು ಕೇಳಿದರೂ ತಿಮ್ಮಯ್ಯ ಒಪ್ಪಲಿಲ್ಲ. ನಮ್ಮಲ್ಲಿ? ನನ್ನ ಮನೆಯ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಿದ್ದೇನೆ. ಆ ಕಚೇರಿಗೆ ಬಂದ ಅಧಿಕಾರಿಗಳೆಲ್ಲ ವರ್ಗವಾಗಿ ಹೋದರು, ಖಾತೆ ಮಾತ್ರ ಇನ್ನೂ ವರ್ಗವಾಗಿಲ್ಲ. ಕೇಳಿದರೆ ಸರ್ವರ್ ಡೌನ್. ಪಿಂಚಣಿಗೆ ನಾನು ಬದುಕಿದ್ದೇನೆ ಅಂತ ಪ್ರತಿ ನವೆಂಬರ್‌ನಲ್ಲೂ ಹೆಬ್ಬೆರಳು ಒತ್ತಬೇಕು, ಯಂತ್ರ ಒಪ್ಪಲ್ಲ. ಎದುರಿಗೆ ಕೂತವರು ಮುಖ ನೋಡಿಯಾದರೂ ಒಪ್ಪಬಾರದೇ? ನಮ್ಮ ಬೀದಿಯ ದೀಪ ಹಗಲೆಲ್ಲ ಉರಿಯುತ್ತದೆ, ಕತ್ತಲಾದರೆ ಆರುತ್ತದೆ. ಅದಕ್ಕೂ ಹೇಳಿ ಹೇಳಿ ಸಾಕಾಗಿದೆ.

ಆದ್ದರಿಂದ ನೀವು ತಿದ್ದುಪಡಿ ಹಾಕಬೇಕು. ಸಾಹೇಬರಿಗೆ ಯಾರಾದರೂ ಒಂದು ಇತಿಹಾಸದ ಪುಸ್ತಕ ಕೊಡಬೇಕು. ಅದಾಗದಿದ್ದರೆ ಆ ರಸ್ತೆಯನ್ನಾದರೂ ಮುಚ್ಚಿಸಲಿ. ಅಧಿಕಾರಿಗಳು ಹೇಳಿದ್ದನ್ನೆಲ್ಲ ಸುಮ್ನೆ ಅಚ್ಚು ಹಾಕುವ ನಿಮ್ಮ ವರದಿಗಾರರೂ ಸ್ವಲ್ಪ ಯೋಚಿಸಲಿ. ಅಲ್ಲಿದ್ದ ಮಕ್ಕಳು ಈ ಮಾತನ್ನೇ ಪರೀಕ್ಷೆಯಲ್ಲಿ ಬರೆದು ಫೇಲಾದರೆ ಯಾರು ಹೊಣೆ? ಪೇಟ ಹಾಕಿಸಿಕೊಂಡವರೇ, ಹಾಕಿದವರೇ? ನಾಚಿಕೆಯಾಗಬೇಕು.

– ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಹಳೇ ಬಸ್ ಸ್ಟ್ಯಾಂಡ್ ರಸ್ತೆ