ಕಗ್ಗದ ಕಥೆ ಬರೆದ ಮಗಳಿಗೆ

ಕುಮಟಾ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕಥೆ ಓದಿದೆ. ಸಮುದ್ರ ಏರಿ ಬಂದು ಅಘನಾಶಿನಿ ಹೊಳೆಯಂಚಿನ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳೆಲ್ಲ ಮುಳುಗಿದ ಮೇಲೂ ದೋಣಿಯಲ್ಲಿ ಕೂತು ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ಆ ಮುದುಕಿ ನನಗೆ ಬಹಳ ಹಿಡಿಸಿದಳು. ಕಥೆಯ ಮಾತು ಆಮೇಲೆ. ಮೊದಲು ನಿನ್ನ ಪ್ರಶ್ನೆ. ಕೆಲಸ ಬಿಟ್ಟು ಬರೆಯುತ್ತಾ ಕೂರಬೇಕು, ಇಲ್ಲ ಬರೆಯೋದನ್ನೇ ಬಿಡಬೇಕು ಅಂದಿದ್ದೀಯ. ಮದುವೆಮನೆಯಲ್ಲಿ ಯಾರೋ "ಇನ್ನೂ ಮಕ್ಕಳ ಕಥೆನೇ ಬರೀತಿದ್ದೀಯಾ?" ಅಂತ ಕೇಳಿದ್ದು ನಿನಗೆ ಚುಚ್ಚಿದೆ ಅಂತ ಕಾಣುತ್ತದೆ.

ಎರಡೂ ಬೇಡ ಕೂಸೇ. ಕೆಲಸವೂ ಇರಲಿ, ಬರವಣಿಗೆಯೂ ಇರಲಿ.

ಆಕ್ಟೇವಿಯಾ ಬಟ್ಲರ್ ವಿಷಯ ನಿನಗೆ ಹೇಳಲೇಬೇಕು. ನಿನ್ನ ಹಾಗೆಯೇ ವಿಜ್ಞಾನ ಕಥೆ ಬರೆದವಳು. ಅಮೆರಿಕದ ಕಪ್ಪು ಹೆಣ್ಣುಮಗಳು, 1947ರಲ್ಲಿ ಹುಟ್ಟಿದವಳು. ಅಪ್ಪ ಬೂಟು ಪಾಲಿಶ್ ಮಾಡುತ್ತಿದ್ದ, ಇವಳು ಸಣ್ಣವಳಿದ್ದಾಗಲೇ ತೀರಿಹೋದ. ಅಮ್ಮ ಮನೆಗೆಲಸದವಳು. ಕೆಲಸದ ಮನೆಯವರು ಎಸೆದ ಪುಸ್ತಕಗಳನ್ನು ಆರಿಸಿ ಮಗಳಿಗೆ ತಂದುಕೊಡುತ್ತಿದ್ದಳಂತೆ. ಹತ್ತು ವರ್ಷದ ಹುಡುಗಿ ಹಟ ಹಿಡಿದಳು ಅಂತ ಟೈಪ್‌ರೈಟರ್ ಕೂಡ ಕೊಡಿಸಿದಳು. ಹಾಗಂತ ಆ ತಾಯಿಗೆ ಹೆದರಿಕೆ ಇರಲಿಲ್ಲ ಅಂತಲ್ಲ. ಮಗಳು ಸೆಕ್ರೆಟರಿ ಆಗಲಿ, ತಿಂಗಳು ತಿಂಗಳು ಸಂಬಳ ಬರಲಿ ಅಂತಲೇ ಅವಳ ಆಸೆ. ಇದನ್ನು ಓದಿದಾಗ ನನಗೆ ಆ ತಾಯಿ ಬಹಳ ಹತ್ತಿರದವಳು ಅನ್ನಿಸಿದಳು.

ಬಟ್ಲರ್ ಪಾತ್ರೆ ತೊಳೆದಳು. ಫೋನಿನಲ್ಲಿ ಸಾಮಾನು ಮಾರಿದಳು. ಆಲೂಗಡ್ಡೆ ಚಿಪ್ಸ್ ಕಾರ್ಖಾನೆಯಲ್ಲಿ ಚಿಪ್ಸ್ ತಪಾಸಣೆ ಮಾಡಿದಳು. ರಾತ್ರಿ ಎರಡು ಗಂಟೆಗೆ ಎದ್ದು ಬರೆದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದಳು. ಮೊದಲು ಎರಡು ಕಥೆ ಮಾರಾಟವಾದವು. ನಂತರ ಐದು ವರ್ಷ ಒಂದಕ್ಷರವೂ ಹೋಗಲಿಲ್ಲ. ಆ ಐದು ವರ್ಷ ಅವಳು ಹೇಗೆ ಕಳೆದಿರಬಹುದು, ಯೋಚನೆ ಮಾಡು. ಮೊದಲ ಕಾದಂಬರಿ ಬಂದದ್ದು 1976ರಲ್ಲಿ. ಅಮೆರಿಕದಲ್ಲಿ ದೊಡ್ಡ ಗೌರವದ ಮೆಕಾರ್ಥರ್ ಫೆಲೋಶಿಪ್ 1995ರಲ್ಲಿ ಸಿಕ್ಕಿತು. ಅದನ್ನು ಪಡೆದ ಮೊದಲ ವಿಜ್ಞಾನ ಕಥೆಗಾರ್ತಿ ಅವಳೇ. ಮಂಗಳ ಗ್ರಹದಲ್ಲಿ ಪರ್ಸಿವಿಯರೆನ್ಸ್ ಗಾಡಿ ಇಳಿದ ಜಾಗಕ್ಕೆ ನಾಸಾದವರು 2021ರಲ್ಲಿ ಅವಳ ಹೆಸರಿಟ್ಟರು. ನೋಡಲು ಅವಳು ಇರಲಿಲ್ಲ, 2006ರಲ್ಲೇ ಹೋಗಿದ್ದಳು.

ಅಷ್ಟು ದೂರ ಯಾಕೆ, ನಮ್ಮ ಕಡೆಯವರನ್ನೇ ನೋಡು. ಬಂಗಾಳದ ಲೇಖಕಿ ಬೇಗಂ ರೊಕೆಯಾಗೆ ಶಾಲೆಯೇ ಇರಲಿಲ್ಲ. ಅಣ್ಣ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೇಣದಬತ್ತಿ ಹಚ್ಚಿಕೊಂಡು ಕದ್ದು ಇಂಗ್ಲಿಷ್ ಕಲಿಸಿದ. ಗಂಡ ಭಾಗಲ್ಪುರದಲ್ಲಿ ಸರ್ಕಾರಿ ಅಧಿಕಾರಿ. ಅವನು ಟೂರಿಗೆ ಹೋಗಿದ್ದಾಗ ಹೊತ್ತು ಕಳೆಯಲು ಅವಳು ಒಂದು ಕಥೆ ಬರೆದಳು. ಅದರಲ್ಲಿ ಗಂಡಸರೆಲ್ಲ ಮನೆಯೊಳಗೆ, ಊರು ಆಳುವವರು ಹೆಂಗಸರು. ಸೂರ್ಯನ ಶಾಖದಲ್ಲಿ ಅಡುಗೆ, ಗಾಳಿಯಲ್ಲಿ ಹಾರುವ ವಾಹನ! ಗಂಡ ಬಂದವನು ಕೂರುವುದಕ್ಕೂ ಮರೆತು, ನಿಂತಲ್ಲೇ ಪೂರ್ತಿ ಓದಿ "ಭಯಂಕರ ಸೇಡು" ಅಂದನಂತೆ. ಅವನೇ ಅದನ್ನು ಅಚ್ಚಿಗೆ ಕಳಿಸಲು ಹುರಿದುಂಬಿಸಿದ. 1905ರಲ್ಲಿ ಮದ್ರಾಸಿನ ಹೆಂಗಸರ ಪತ್ರಿಕೆಯೊಂದರಲ್ಲಿ ಬಂತು. ಗಂಡ 1909ರಲ್ಲಿ ತೀರಿಕೊಂಡ ಮೇಲೆ ಅವನ ಹೆಸರಿನಲ್ಲೇ ಹುಡುಗಿಯರ ಶಾಲೆ ಕಟ್ಟಿದಳು, 1932ರಲ್ಲಿ ಸಾಯುವವರೆಗೂ ನಡೆಸಿದಳು. ಅವಳ ಆ ಕಥೆಯನ್ನು ಮಕ್ಕಳ ಕಥೆ ಅಂತ ಯಾರಾದರೂ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಬೇರೆ ಹೆಸರಿನಲ್ಲಿ ಬರೆಯುತ್ತೀಯಲ್ವಾ, ಅದಕ್ಕೆ ನಾಚಿಕೆ ಬೇಡ. ಫ್ರಾಂಕೆನ್‌ಸ್ಟೈನ್ ಕಾದಂಬರಿ 1818ರಲ್ಲಿ ಬಂದಾಗ ಅದರ ಮೇಲೆ ಮೇರಿ ಶೆಲ್ಲಿಯ ಹೆಸರೇ ಇರಲಿಲ್ಲ. ಗಂಡನೇ ಬರೆದದ್ದು ಅಂತ ತುಂಬಾ ಜನ ತಿಳಿದಿದ್ದರು. ಆ ಗಂಡ 1822ರಲ್ಲಿ ಸಮುದ್ರದಲ್ಲಿ ಮುಳುಗಿ ಸತ್ತ. ಉಳಿದಿದ್ದ ಒಬ್ಬ ಮಗನನ್ನು ಅವಳು ಬರೆದು ಬರೆದೇ ಸಾಕಿದಳು. ಜಯಂತ ನಾರಳೀಕರರದು ಇನ್ನೊಂದು ಥರ. ಆಗಲೇ ಹೆಸರಾಂತ ವಿಜ್ಞಾನಿ. 1974ರಲ್ಲಿ ಮರಾಠಿ ಕಥಾಸ್ಪರ್ಧೆಗೆ ತಮ್ಮ ಇನಿಶಿಯಲ್‌ಗಳನ್ನೇ ತಿರುಗಿಸಿ ನಾರಾಯಣ ವಿನಾಯಕ ಜಗತಾಪ ಅನ್ನೋ ಹೆಸರಿನಲ್ಲಿ ಕಥೆ ಕಳಿಸಿದರು. ಹೆಸರು ನೋಡಿ ಬಹುಮಾನ ಕೊಡಬಾರದು ಅಂತ. ಬಹುಮಾನ ಬಂತು. ನಿನಗೆ ಧೈರ್ಯ ಬಂದ ದಿನ ನಿನ್ನ ಹೆಸರು ಹಾಕು, ಅವಸರ ಇಲ್ಲ.

ದುಡ್ಡಿನ ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ಹೆದರಿಸುವ ಕಥೆಗಳಿಗೆ ಇವತ್ತು ಎಲ್ಲರೂ ಹೆಸರು ಹೇಳುವ ಲವ್‌ಕ್ರಾಫ್ಟ್, ಬೇರೆಯವರ ಬರಹ ತಿದ್ದಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. 1937ರಲ್ಲಿ 46ನೇ ವಯಸ್ಸಿಗೆ ಬಡತನದಲ್ಲೇ ಸತ್ತ. ನಿನಗೆ ಹಾಗಾಗೋದು ಬೇಡ. ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದ ಕೆಲಸದಲ್ಲಿ ಇದ್ದುಕೊಂಡೇ ಅಷ್ಟೆಲ್ಲ ಬರೆದರು. ಸಂಬಳ ಇದ್ದರೆ ಯಾರಿಗೋ ಬೇಕಾದ ಹಾಗೆ ಕಥೆ ತಿರುಚುವ ಕಷ್ಟ ಇಲ್ಲ. ಬೆಳಿಗ್ಗೆ ಒಂದು ತಾಸು ನಿನ್ನದು ಅಂತ ಇಟ್ಟುಕೋ, ಆ ಹೊತ್ತಿಗೆ ನಾನೂ ಫೋನ್ ಮಾಡೋದಿಲ್ಲ.

ಈಗ ಕಥೆ. ಮುದುಕಿ ಕಗ್ಗದ ಸಸಿ ನೆಡುತ್ತಾಳೆ ಅಂತ ಬರೆದಿದ್ದೀಯ. ಗಜನಿಯಲ್ಲಿ ಮೊಳಕೆ ಬರಿಸಿದ ಭತ್ತ ಚೆಲ್ಲುತ್ತಾರೆ ಕೂಸೇ. ಅದೂ ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ. ಗೊಬ್ಬರ ಗಿಬ್ಬರ ಏನೂ ಹಾಕೋದಿಲ್ಲ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ನಿನ್ನ ಕಥೆಯಲ್ಲಿ ಸಮುದ್ರ ವರ್ಷವಿಡೀ ಗದ್ದೆಯಲ್ಲೇ ನಿಂತಿದೆ. ಕಗ್ಗ ಎಷ್ಟೇ ಉಪ್ಪು ತಡೆದರೂ, ತೊಳೆಯದ ಉಪ್ಪಿನಲ್ಲಿ ಮೊಳಕೆ ಹೇಗೆ ಬದುಕಿತು? ಅದಕ್ಕೆ ಮುದುಕಿ ಏನೋ ಒಂದು ಉಪಾಯ ಕಂಡುಹಿಡಿದಿರಬೇಕು. ಅದೇ ನಿನ್ನ ಕಥೆ ಅಂತ ನನಗನ್ನಿಸುತ್ತದೆ. ಮಳೆಗಾಲದ ಶುರುವಿಗೆ ರಜೆ ಹಾಕಿ ಬಾ. ಮಾಣಿಕಟ್ಟಾಕ್ಕೆ ಹೋಗಿ ಬಿತ್ತುವವರನ್ನೇ ಕೇಳೋಣ.

ನಿನ್ನ
ಆಯಿ